ಹೊಟ್ಟೆ ಕೆಟ್ಟರೆ ಮೆಡಿಕಲ್‌ಗೆ ಓಡಬೇಡಿ

ಎಲ್ಲರಿಗೂ ನಮಸ್ಕಾರ. ಪ್ರತಿ ವರ್ಷ ನವೆಂಬರ್ 18ರಿಂದ 24ರವರೆಗೆ ಆ್ಯಂಟಿಬಯೋಟಿಕ್, ಅಂದರೆ ಬ್ಯಾಕ್ಟೀರಿಯಾ ಕೊಲ್ಲುವ ಮದ್ದಿನ ಬಗ್ಗೆ ಜಾಗೃತಿ ಸಪ್ತಾಹ ನಡೆಯುತ್ತದೆ. ಆ ನೆಪದಲ್ಲಿ ಉಡುಪಿಗೆ ಕರೆದಿದ್ದೀರಿ, ಸಂತೋಷ. ಈ ಸಭೆಯಲ್ಲಿ ಹೋಟೆಲ್ ಅಡುಗೆಮನೆಯಲ್ಲಿ ದುಡಿಯುವವರಿದ್ದೀರಿ, ಮೆಡಿಕಲ್ ಶಾಪ್ ನಡೆಸುವವರಿದ್ದೀರಿ, ಆಶಾ ಕಾರ್ಯಕರ್ತೆಯರಿದ್ದೀರಿ. ನಿಮ್ಮೆಲ್ಲರಿಗೂ ನಾನು ಹೇಳಬೇಕಾದ್ದು ಒಂದೇ. ಭೇದಿಗೆ ನೀರು ಕೊಡಿ, ಸುಮ್ನೆ ಆ್ಯಂಟಿಬಯೋಟಿಕ್ ಕೊಡಬೇಡಿ.

ಕೌಂಟರಿನಲ್ಲಿ ನಡೆಯುವುದು ನಿಮಗೆ ಗೊತ್ತೇ ಇದೆ. "ಅಣ್ಣಾ, ಬೆಳಿಗ್ಗೆಯಿಂದ ನಾಲ್ಕು ಸಲ ಹೋಯ್ತು, ಏನಾದ್ರೂ ಕೊಡಿ." ಸ್ಟ್ರಿಪ್‌ನಿಂದ ನಾಲ್ಕು ಓಫ್ಲೋಕ್ಸಾಸಿನ್-ಆರ್ನಿಡಜೋಲ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ ಕತ್ತರಿಸಿ ಕೊಡುತ್ತಾರೆ. ಆ ಸ್ಟ್ರಿಪ್ ಮೇಲೆ ಒಂದು ಕೆಂಪು ಗೆರೆ ಇರುತ್ತದೆ. ಡಾಕ್ಟರ ಚೀಟಿ ಇಲ್ಲದೆ ಕೊಡಬಾರದು ಅಂತ ಅದರ ಅರ್ಥ. ಎರಡು ದಿನದಲ್ಲಿ ಭೇದಿ ನಿಲ್ಲುತ್ತದೆ, ಮಾತ್ರೆಗೆ ಹೆಸರು ಬರುತ್ತದೆ. ಆದರೆ ನೀರುನೀರಾಗಿ ಹೋಗುವ ಭೇದಿ ಹೆಚ್ಚಿನ ಸಲ ತಾನಾಗಿಯೇ ನಿಲ್ಲುತ್ತದೆ. ವೈರಸ್‌ನಿಂದ ಬಂದದ್ದಾದರೆ ಆ ಮಾತ್ರೆ ಅದನ್ನು ಮುಟ್ಟುವುದೇ ಇಲ್ಲ. ಮಾತ್ರೆ ಮಾಡಿದ ಕೆಲಸ ಬೇರೆಯೇ. ಕರುಳಿನಲ್ಲಿದ್ದ ಬ್ಯಾಕ್ಟೀರಿಯಾಗಳಲ್ಲಿ ಮದ್ದಿಗೆ ಸಾಯುವವು ಸತ್ತವು. ಸಾಯದವು ಉಳಿದವು, ಖಾಲಿಯಾದ ಜಾಗದಲ್ಲಿ ಬೆಳೆದವು.

ಈ ವಿಷಯ ಬಂದಾಗೆಲ್ಲ ನಾನು ಜಪಾನಿನ ಕತೆ ಹೇಳುತ್ತೇನೆ. 1955ರಲ್ಲಿ ಹಾಂಗ್‌ಕಾಂಗ್‌ನಿಂದ ಮರಳಿದ ಒಬ್ಬ ಹೆಂಗಸಿಗೆ ರಕ್ತಭೇದಿ ಶುರುವಾಯಿತು. ಕಾರಣ ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ. ಅದಕ್ಕೆ ಆ ಹೆಸರು ಬಂದದ್ದೂ ಜಪಾನಿನ ಕಿಯೋಶಿ ಶಿಗಾ ಅವರಿಂದಲೇ. ಅವರು ಅದನ್ನು 1897ರಲ್ಲಿ ಕಂಡುಹಿಡಿದರು. ಈ ಹೆಂಗಸಿನ ಶಿಗೆಲ್ಲಾ ಸಲ್ಫಾ, ಸ್ಟ್ರೆಪ್ಟೊಮೈಸಿನ್, ಕ್ಲೋರಾಂಫೆನಿಕಾಲ್, ಟೆಟ್ರಾಸೈಕ್ಲಿನ್ ನಾಲ್ಕಕ್ಕೂ ಜಗ್ಗಲಿಲ್ಲ. ಒಂದು ಮದ್ದಿಗೆ ಜಗ್ಗದಿದ್ದರೆ ಅರ್ಥವಾಗುತ್ತಿತ್ತು. ನಾಲ್ಕಕ್ಕೂ ಒಟ್ಟಿಗೇ ಹೇಗೆ? ಮುಂದಿನ ವರ್ಷಗಳಲ್ಲಿ ಇಂಥ ರೋಗಿಗಳು ಜಾಸ್ತಿಯಾದರು. ಅವರ ಮಲ ಪರೀಕ್ಷಿಸಿದಾಗ ಇನ್ನೊಂದು ಸಂಗತಿ ಕಂಡಿತು. ಅದೇ ಕರುಳಿನಲ್ಲಿ ಯಾವ ತೊಂದರೆಯೂ ಕೊಡದೆ ಇದ್ದ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಕೂಡ ಅದೇ ನಾಲ್ಕು ಮದ್ದಿಗೆ ಜಗ್ಗುತ್ತಿರಲಿಲ್ಲ! 1959ರಲ್ಲಿ ಒಚಿಯಾಯಿ ಮತ್ತು ಅಕಿಬಾ ಅವರ ತಂಡಗಳು ಬೇರೆಬೇರೆಯಾಗಿ ಇದನ್ನು ಪರೀಕ್ಷೆ ಮಾಡಿದವು. ಮದ್ದಿಗೆ ಜಗ್ಗದ ಇ. ಕೋಲೈ ಜೊತೆಗೆ ಮದ್ದಿಗೆ ಸಾಯುವ ಶಿಗೆಲ್ಲಾವನ್ನು ಬೆರೆಸಿಟ್ಟರು. ಆಮೇಲೆ ನೋಡಿದರೆ ಶಿಗೆಲ್ಲಾವೂ ಸಾಯುತ್ತಿಲ್ಲ. ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರ ಒಂದು ಜಾತಿಯಿಂದ ಇನ್ನೊಂದಕ್ಕೆ ದಾಟಿತ್ತು. ನಾಲ್ಕು ಮದ್ದನ್ನು ಎದುರಿಸುವ ಶಕ್ತಿಯೂ ಅದರಲ್ಲೇ ಇತ್ತು.

ಹಾಗಾಗಿ ನೀವು ಇಂದು ತಿಂದ ಬೇಡದ ಮಾತ್ರೆಯಿಂದ ನಿಮ್ಮ ಕರುಳಿನ ಸಾಧು ಬ್ಯಾಕ್ಟೀರಿಯಾ ಗಟ್ಟಿಯಾದರೆ, ನಾಳೆ ಒಳಗೆ ಬರುವ ಕೆಟ್ಟದ್ದಕ್ಕೆ ಅದು ಆ ಉಂಗುರ ಕೊಡಬಹುದು. ಅದಕ್ಕೇ ಹೇಳುವುದು, ಭೇದಿಗೆ ನೀರು ಕೊಡಿ.

ಹಾಗೆ ಗಟ್ಟಿಯಾದ ಬ್ಯಾಕ್ಟೀರಿಯಾ ನಿಮ್ಮ ಹೊಟ್ಟೆಯಲ್ಲೇ ಉಳಿಯುವುದೂ ಇಲ್ಲ. ನೆದರ್ಲೆಂಡ್ಸ್‌ನವರು 2017ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಅಲ್ಲಿಂದ ಭಾರತ ಸೇರಿದ ದಕ್ಷಿಣ ಏಷ್ಯಾಕ್ಕೆ ಬಂದುಹೋದ ಪ್ರವಾಸಿಗರಲ್ಲಿ ನೂರಕ್ಕೆ 75 ಜನರ ಕರುಳಿಗೆ ಇಎಸ್‌ಬಿಎಲ್ ಬ್ಯಾಕ್ಟೀರಿಯಾ ಹೊಸದಾಗಿ ಸೇರಿತ್ತು. ಸೆಫಿಕ್ಸಿಮ್‌ನಂಥ ಮದ್ದನ್ನು ಒಡೆದುಹಾಕುವ ಬಗೆ ಅದು. ಪ್ರಯಾಣದಲ್ಲಿ ಆ್ಯಂಟಿಬಯೋಟಿಕ್ ತಿಂದವರಿಗೆ ಅದು ಸೇರುವ ಸಂಭವ ಇನ್ನೂ ಜಾಸ್ತಿ ಇತ್ತು. ಬಂದುಹೋದವರ ಹೊಟ್ಟೆಗೇ ಇಷ್ಟು ಸೇರಿದರೆ, ಇಲ್ಲೇ ಇರುವ ನಮ್ಮದು?

ನಮ್ಮ ಕರಾವಳಿಯ ಬಾವಿಗಳನ್ನೇ ನೋಡಿ. ಐದು ಸೆಂಟ್ಸ್ ಜಾಗದಲ್ಲಿ ಮನೆ, ಒಂದು ಮೂಲೆಯಲ್ಲಿ ಬಾವಿ, ಇನ್ನೊಂದು ಮೂಲೆಯಲ್ಲಿ ಕಕ್ಕಸಿನ ಪಿಟ್. ಪಕ್ಕದ ಮನೆಯ ಪಿಟ್ ನಿಮ್ಮ ಬಾವಿಗೆ ಇನ್ನೂ ಹತ್ತಿರ. ನಡುವೆ ಇರುವುದು ತೂತುತೂತಾದ ಮುರಕಲ್ಲು. ಆಟಿ ತಿಂಗಳ ಮಳೆಗೆ ಬಾವಿ ತುಂಬುವಾಗ ಏನೆಲ್ಲ ಒಳಗೆ ಬರುತ್ತದೆ ಯೋಚಿಸಿ. ನೀರು ತಿಳಿಯಾಗಿ ಕಂಡರೂ ಕುದಿಸಿಯೇ ಕುಡಿಯಿರಿ. ಅಡುಗೆಯವರು ಕಕ್ಕಸಿಗೆ ಹೋಗಿ ಬಂದು ಸೋಪು ಹಾಕಿ ಕೈ ತೊಳೆದರೆ ನೂರಾರು ಜನರ ಹೊಟ್ಟೆ ಉಳಿಯುತ್ತದೆ.

ಇನ್ನು ಮದ್ದಿನ ವಿಷಯ. ಮೊನ್ನೆ ಒಬ್ಬರು ತಾಯಿಯ ಯೂರಿನ್ ಕಲ್ಚರ್ ರಿಪೋರ್ಟ್ ಹಿಡಿದುಕೊಂಡು ಬಂದರು. ಹಾಳೆಯ ತುಂಬಾ 'ಆರ್, ಆರ್, ಆರ್'. ಅಂದರೆ ಮೂತ್ರದಲ್ಲಿದ್ದ ಬ್ಯಾಕ್ಟೀರಿಯಾ ಆ ಮದ್ದುಗಳಿಗೆ ಜಗ್ಗುವುದಿಲ್ಲ. "ಡಾಕ್ಟ್ರೇ, ಅಮ್ಮನಿಗೆ ದೊಡ್ಡ ಇಂಜೆಕ್ಷನ್ ಬೇಕಲ್ವಾ?" ಅಮ್ಮ ಪಕ್ಕದಲ್ಲೇ ಕೂತಿದ್ದರು. ಉರಿ ಇದೆಯಾ? ಇಲ್ಲ. ಜ್ವರ? ಇಲ್ಲ. ಊಟ, ನಿದ್ದೆ ಸರಿ ಇದೆ. ಅವರಿಗೆ ಯಾವ ಇಂಜೆಕ್ಷನೂ ಬೇಡ. ಗರ್ಭಿಣಿಯರನ್ನೂ ಮೂತ್ರನಾಳದ ಕೆಲವು ಆಪರೇಷನ್‌ಗೆ ಹೋಗುವವರನ್ನೂ ಬಿಟ್ಟರೆ, ತೊಂದರೆ ಇಲ್ಲದವರಿಗೆ ರಿಪೋರ್ಟ್ ನೋಡಿ ಮದ್ದು ಕೊಡುವುದಿಲ್ಲ. ಕರುಳಿನಲ್ಲಿ ಸುಮ್ಮನೆ ಇರುವ ಬ್ಯಾಕ್ಟೀರಿಯಾಕ್ಕೂ ಅಷ್ಟೇ. ಇಎಸ್‌ಬಿಎಲ್ ಸೇರಿದ್ದ ಆ ನೆದರ್ಲೆಂಡ್ಸ್ ಪ್ರವಾಸಿಗರಲ್ಲಿ ಅರ್ಧದಷ್ಟು ಜನರಿಗೆ ಅದು ಒಂದು ತಿಂಗಳಲ್ಲಿ ತಾನಾಗಿ ಹೋಗಿತ್ತು.

ನಿಜವಾದ ಸೋಂಕಾದರೆ ಮಾತು ಬೇರೆ. ಮೂತ್ರಚೀಲದ ಸೋಂಕಿಗೆ ನೈಟ್ರೋಫ್ಯುರಾಂಟೊಯಿನ್, ಫಾಸ್ಫೊಮೈಸಿನ್ ಎಂಬ ಹಳೆಯ ಮದ್ದುಗಳು ಇಂದಿಗೂ ಹೆಚ್ಚಾಗಿ ಕೆಲಸ ಮಾಡುತ್ತವೆ. ಇಂಥ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೆ ಆಸ್ಪತ್ರೆಯಲ್ಲಿ ಮೆರೊಪೆನೆಮ್ ಎಂಬ ಮದ್ದಿನ ಡ್ರಿಪ್. ಅದಕ್ಕೂ ಜಗ್ಗದವಿವೆ. ಆಗ ಉಳಿಯುವುದು ಕೊಲಿಸ್ಟಿನ್‌ನಂಥ ಕೆಲವೇ ಮದ್ದು. ಅದು ಕಿಡ್ನಿಗೆ ಪೆಟ್ಟು ಕೊಡುತ್ತದೆ. ಇದೇ ಕೊಲಿಸ್ಟಿನ್ ಅನ್ನು ಕೋಳಿ ದಪ್ಪವಾಗಲಿ ಅಂತ ಆಹಾರದಲ್ಲಿ ಬೆರೆಸುತ್ತಿದ್ದರು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ನಿಷೇಧಿಸಿತು.

ಆಯೋಜಕರಿಂದ ಚೀಟಿ ಬಂತು, ಇನ್ನು ಹತ್ತು ನಿಮಿಷ ಅಂತೆ.  

ಭೇದಿಗೆ ಕೊಡುವ ನೀರಿನ ಬಗ್ಗೆ ಮಾತ್ರ ಬಿಡುವುದಿಲ್ಲ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದಾಗ ಡ್ರಿಪ್ ಬಾಟಲಿ ಮುಗಿಯಿತು. ಡಾ. ದಿಲೀಪ್ ಮಹಲನಬಿಸ್ ಉಪ್ಪು, ಸೋಡಾ, ಗ್ಲೂಕೋಸ್ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಕಾಲರಾಕ್ಕೇ ಸಾಕಾದ ನೀರು ನಮ್ಮ ಭೇದಿಗೆ ಸಾಲದಾ? ಓಆರ್‌ಎಸ್ ಅಂದರೆ ಅಂಥದೇ ಉಪ್ಪು-ಗ್ಲೂಕೋಸಿನ ಪುಡಿ. ಒಂದು ಲೀಟರಿನ ಓಆರ್‌ಎಸ್ ಪ್ಯಾಕೆಟನ್ನು ಪೂರ್ತಿ ಒಂದು ಲೀಟರ್ ನೀರಿಗೆ ಹಾಕಿ. ಲೋಟಕ್ಕೆ ಸ್ವಲ್ಪಸ್ವಲ್ಪ ಹಾಕಬೇಡಿ. ಡಬ್ಬಿಯಲ್ಲಿ ಬರುವ ಸಿಹಿ ಜ್ಯೂಸ್ ಓಆರ್‌ಎಸ್ ಅಲ್ಲ. ಜೊತೆಗೆ ಗಂಜಿತಿಳಿ, ಎಳನೀರು ಕೊಡಿ, ಮಕ್ಕಳಿಗೆ ಝಿಂಕ್ ಕೊಡಿ.

ಮಲದಲ್ಲಿ ರಕ್ತ, ಬಿಡದ ಜ್ವರ, ಕುಡಿದದ್ದೆಲ್ಲ ವಾಂತಿ, ಮಗು ಮಂಕಾಗಿ ಕಣ್ಣು ಗುಳಿಬಿದ್ದಿರುವುದು, ಆರೇಳು ಗಂಟೆ ಮೂತ್ರ ಇಲ್ಲದಿರುವುದು. ಇವುಗಳಲ್ಲಿ ಒಂದು ಕಂಡರೂ ಮನೆಯಲ್ಲಿ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಅಲ್ಲಿ ಆ್ಯಂಟಿಬಯೋಟಿಕ್ ಬೇಕು ಅಂದರೆ ಹೇಳಿದಷ್ಟು ದಿನ ತೆಗೆದುಕೊಳ್ಳಿ. ಆಶಾ ಅಕ್ಕಂದಿರ ಪ್ರಶ್ನೆಗಳನ್ನು ಮೊದಲು ತೆಗೆದುಕೊಳ್ಳೋಣ, ಅವರಿಗೆ ಬಸ್ಸಿದೆ.