ಬಹುವಚನದಲ್ಲಿ ಕೇಳಿದರೆ ಮಾತ್ರ ರಾಗಿ

ಎಲ್ಲರಿಗೂ ನಮಸ್ಕಾರ. ಹಿಂದುಗಡೆ ಸಾರಿಗೆ ಒಗ್ಗರಣೆ ಬಿದ್ದ ಸದ್ದು ನನಗೂ ಕೇಳಿಸಿತು. ನಿಮ್ಮ ಕಿವಿ ಈಗ ಎಲ್ಲಿದೆ ಅಂತ ಗೊತ್ತು. ಊಟಕ್ಕೆ ಮುಂಚೆ ನಿಂತು ಮಾತಾಡು ಅಂದರೆ ಊಟದ ಬಗ್ಗೆಯೇ ಮಾತಾಡಬೇಕು, ಅಲ್ವಾ?

ಪುರಂದರದಾಸರ ‘ರಾಗಿ ತಂದೀರಾ’ ನಿಮಗೆಲ್ಲ ಬಾಯಿಪಾಠ. ‘ಯೋಗ್ಯರಾಗಿ ಭೋಗ್ಯರಾಗಿ ಭಾಗ್ಯವಂತರಾಗಿ ನೀವು.’ ಇದು ಶ್ಲೇಷೆ ಅಂತ ಮೇಷ್ಟ್ರು ಹೇಳಿದರು, ನಾವು ಬರೆದುಕೊಂಡೆವು, ಎರಡು ಅಂಕ ಬಂತು, ಮುಗೀತು. ನನ್ನ ತಕರಾರು ಇರುವುದೇ ಅಲ್ಲಿ.

ನಮ್ಮಜ್ಜಿ ಮನೆ ತುಮಕೂರಿನ ಕಡೆ. ಶ್ರಾವಣ ಶನಿವಾರ ಬಂದರೆ ಶಂಖ, ಜಾಗಟೆ ಸಮೇತ ದಾಸಯ್ಯ ಬರುತ್ತಿದ್ದರು, ಅಜ್ಜಿ ಮೊರದಲ್ಲಿ ರಾಗಿ ತಂದು ಜೋಳಿಗೆಗೆ ಸುರಿಯುತ್ತಿದ್ದಳು. ಒಂದು ಸಲ ಅವರು ಇದೇ ಪದ ಹಾಡಿದರು. ನನಗೆ ಆರೋ ಏಳೋ ವಯಸ್ಸು. ನನಗೆ ಅದು ಪದ ಅನ್ನಿಸಲಿಲ್ಲ, ದಿನಸಿ ಪಟ್ಟಿ ಅನ್ನಿಸಿತು. ಯೋಗ್ಯರಾಗಿ ಒಂದು, ಭೋಗ್ಯರಾಗಿ ಒಂದು, ಭಾಗ್ಯವಂತರಾಗಿ ಇನ್ನೊಂದು. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಥರದ ರಾಗಿ! ಓಡಿಹೋಗಿ, ‘ಅಜ್ಜೀ, ಭಾಗ್ಯವಂತರಾಗಿ ಎಲ್ಲಿಟ್ಟಿದ್ದೀಯ?’ ಅಂತ ಕೇಳಿದೆ. ಅಜ್ಜಿ ನಗಲೇ ಇಲ್ಲ. ‘ಅದು ನಮ್ಮ ಹೊಲದಲ್ಲಿ ಬೆಳೆಯಲ್ಲ ಕಣೋ, ಶಾನುಭೋಗರ ಮನೇಲಿ ಕೇಳು’ ಅಂದಳು. ನಾನು ನಿಜಕ್ಕೂ ಬಟ್ಟಲು ಹಿಡಿದು ಹೋದೆ! ಅವರ ಮನೆಯವರು ಹೊಟ್ಟೆ ಹಿಡಿದುಕೊಂಡು ನಕ್ಕು, ಬಟ್ಟಲಿಗೆ ಕೊಬ್ಬರಿ ಬೆಲ್ಲ ಹಾಕಿ ಕಳಿಸಿದರು. ಅವತ್ತಿನಿಂದ ಊರಲ್ಲಿ ನನ್ನ ಹೆಸರೇ ಭಾಗ್ಯವಂತರಾಗಿ. ನನ್ನ ಮದುವೆ ಛತ್ರದಲ್ಲೂ ಯಾರೋ ಹಾಗೇ ಕೂಗಿದರು, ಬೀಗರು ಗಾಬರಿಯಾದರು. ಇರಲಿ.

ಈಗ ನನ್ನ ವಾದ. ದಾಸರು ಏಕವಚನದಲ್ಲಿ ಕೇಳಿದ್ದರೆ ಏನಾಗುತ್ತಿತ್ತು? ‘ಭಾಗ್ಯವಂತನಾಗಿ’ ಅಂದು ನೋಡಿ. ‘ನಾಗಿ’ ಸಿಗುತ್ತದೆ, ರಾಗಿ ಸಿಗುವುದಿಲ್ಲ. ‘ಭಾಗ್ಯವಂತಳಾಗಿ’ ಅಂದರೆ ‘ಳಾಗಿ’. ಅದನ್ನು ಯಾವ ಗಿರಣಿಯಲ್ಲಿ ಬೀಸಿಸುತ್ತೀರಿ? ಆ ‘ರ’ ಬರಬೇಕಾದರೆ ಎದುರಿನವರನ್ನು ‘ನೀವು’ ಅನ್ನಬೇಕು. ಮರ್ಯಾದೆ ಕೊಟ್ಟವನ ಜೋಳಿಗೆಗೇ ರಾಗಿ ಬೀಳುವ ಹಾಗೆ ಕನ್ನಡದ ವ್ಯಾಕರಣವೇ ಇದೆ ಸ್ವಾಮಿ! ಇನ್ನು ಆ ‘ಆಗಿ’. ನೀವು ಭಾಗ್ಯವಂತರಾಗಿದ್ದು ರಾಗಿ ತಂದಿದ್ದೀರಾ ಅಂತ ಕೇಳಿದಂತೆಯೂ ಆಯಿತು, ಭಾಗ್ಯವಂತರಾಗಿ ಅಂತ ಹರಸಿದಂತೆಯೂ ಆಯಿತು. ಬೇಡಲು ಬಂದವನು ಬಾಗಿಲಲ್ಲಿ ಸಿರಿ ಹಂಚಿ ಹೋಗುತ್ತಾನೆ. ಅದೂ ಯಾರು? ನವಕೋಟಿ ನಾರಾಯಣ ಅನ್ನಿಸಿಕೊಂಡು, ಒಡವೆ ಅಡವಿಟ್ಟುಕೊಂಡು ಸಾಲ ಕೊಡುತ್ತಿದ್ದ ಶ್ರೀನಿವಾಸ ನಾಯಕರು, ಎಲ್ಲ ಬಿಟ್ಟು ದಾಸರಾದ ಮೇಲೆ. ಬಡ್ಡಿ ವಸೂಲಿಗೆ ಹೋದಾಗ ‘ನೀವು’ ಅನ್ನುತ್ತಿದ್ದರೋ ‘ನೀನು’ ಅನ್ನುತ್ತಿದ್ದರೋ, ಕಥೆ ಹೇಳುವವರು ಯಾರೂ ಅದನ್ನು ಹೇಳಲ್ಲ.

ಚೀನಾದಲ್ಲೂ ಈ ಆಟ ಇದೆ. ಕ್ಯಾಂಟನೀಸ್ ಜನ ಹೊಸ ವರ್ಷಕ್ಕೆ ಕೂದಲಿನ ಹಾಗಿರುವ ಒಂದು ಕಪ್ಪು ಪಾಚಿ ತಿನ್ನುತ್ತಾರೆ. ಹೆಸರು ಫಾತ್ ಚೋಯ್. ಸಿರಿವಂತರಾಗುವುದು ಅನ್ನೋ ಮಾತಿಗೂ ಹೆಚ್ಚುಕಡಿಮೆ ಅದೇ ಸದ್ದು. ಅದಕ್ಕೆ ರುಚಿ ಏನೂ ಇಲ್ಲ, ಸುಮ್ನೆ ಹೆಸರಿಗೋಸ್ಕರ ತಿನ್ನುವುದು. ಆ ಹೆಸರಿನ ಆಸೆಗೆ ಜನ ಹುಲ್ಲುಗಾವಲನ್ನೇ ಕೆರೆದು ಹಾಕಿ, ನೆಲ ಮರಳುಗಾಡಾಗತೊಡಗಿ, 2000ರಲ್ಲಿ ಸರ್ಕಾರವೇ ಅದನ್ನು ಕೀಳಬಾರದು, ಮಾರಬಾರದು ಅಂತ ಮಾಡಿತು. ನಮ್ಮ ಶ್ಲೇಷೆಯಿಂದ ಹಾಗೆಲ್ಲ ಹೊಲ ಹಾಳಾಗಲಿಲ್ಲ. ಖರ್ಚಾದದ್ದು ಒಂದು ಮೊರ ರಾಗಿ, ಒಂದು ‘ನೀವು’.

ಆಯ್ತು ಆಯ್ತು, ಗಡಿಯಾರ ತೋರಿಸುತ್ತಿದ್ದಾರೆ. ಕನಕದಾಸರ ರಾಮಧಾನ್ಯ ಚರಿತ್ರೆಗೆ ಅರ್ಧ ಗಂಟೆ ಇಟ್ಟುಕೊಂಡಿದ್ದೆ. ಅಲ್ಲಿ ರಾಗಿ ಭತ್ತವನ್ನು ಬೈಯುವುದೇ ನೀನು ಸಿರಿವಂತರ ಕಡೆಯವನು ಅಂತ. ಆರು ತಿಂಗಳು ಸೆರೆಯಲ್ಲಿದ್ದೂ ಗಟ್ಟಿಯಾಗಿ ಉಳಿದ ರಾಗಿಗೆ ರಾಮನೇ ರಾಘವ ಅಂತ ತನ್ನ ಹೆಸರು ಕೊಟ್ಟ. ರಾಘವ, ರಾಗಿ. ಉಳಿದದ್ದು ಮನೆಯಲ್ಲಿ ಓದಿಕೊಳ್ಳಿ. ಆಮೇಲೆ ‘ಕಾಸು’. ಜೇಬಲ್ಲಿ ಇದ್ದರೆ ಕಾಸು, ಒಲೆ ಮೇಲೆ ಹಾಲು ಕಾಸು. ಲಂಚ್‌ಗೂ ಲಂಚಕ್ಕೂ ನಡುವೆ ಒಂದು ಅಕಾರ, ಎರಡರಲ್ಲೂ ತಿನ್ನುವುದೇ ಕೆಲಸ. ಅದನ್ನು ಬಿಡಿ.

ಅಧ್ಯಕ್ಷರಿಂದ ಚೀಟಿ ಬಂತು. ‘ದಯವಿಟ್ಟು ಮುಗಿಸಿ’ ಅಂತಿದೆ. ಬಹುವಚನದಲ್ಲಿದೆ, ಮುಗಿಸಿದೆ.