ಕಿತ್ತ ಹಲ್ಲಿನಿಂದ ದವಡೆಯ ಮೂಳೆ

ಕೇಳುಗರೆಲ್ಲರಿಗೂ ನಮಸ್ಕಾರ.

ಹಲ್ಲು ಕೀಳಿಸಿಕೊಂಡವರು ಹೋದದ್ದು ಹಲ್ಲೊಂದೇ ಎಂದು ಲೆಕ್ಕ ಹಾಕುತ್ತಾರೆ. ಅದರ ಬೆನ್ನಿಗೇ ಇನ್ನೊಂದು ನಷ್ಟ ಸದ್ದಿಲ್ಲದೆ ಶುರುವಾಗಿರುತ್ತದೆ. ಬೇರನ್ನು ಸುತ್ತುವರಿದು ಹಿಡಿದಿರುವ ದವಡೆಯಂಚಿನ ಮೂಳೆ ಹಲ್ಲಿನೊಂದಿಗೇ ಹುಟ್ಟಿ, ಹಲ್ಲಿಗಾಗಿಯೇ ಇರುವಂಥದ್ದು. ಹಲ್ಲು ಹೋದ ಮೇಲೆ ಅದು ಕರಗತೊಡಗುತ್ತದೆ. ಮೊದಲ ವರ್ಷದಲ್ಲಿ ಆ ಅಂಚಿನ ಅಗಲ ಅರ್ಧದಷ್ಟು ಕುಗ್ಗಬಹುದು, ಮತ್ತು ಈ ಕುಗ್ಗುವಿಕೆಯಲ್ಲಿ ಮೂರರಲ್ಲಿ ಎರಡು ಪಾಲು ಮೊದಲ 3 ತಿಂಗಳಲ್ಲೇ ಆಗಿಹೋಗುತ್ತದೆ. ಮುಂಬಲ್ಲುಗಳ ಬಳಿ ತುಟಿಯ ಕಡೆಯ ಮೂಳೆಗೋಡೆ ಬಹುಮಟ್ಟಿಗೆ 1 ಮಿಲಿಮೀಟರಿಗಿಂತ ತೆಳುವಾಗಿರುವುದರಿಂದ ಅಲ್ಲಿ ನಷ್ಟ ಬೇಗ ಕಣ್ಣಿಗೆ ಬೀಳುತ್ತದೆ. ಮುಂದೆ ಇಂಪ್ಲಾಂಟ್, ಅಂದರೆ ಕೃತಕ ಹಲ್ಲನ್ನು ಹೊರಲು ಮೂಳೆಯೊಳಗೆ ಕೂರಿಸುವ ತಿರುಪು, ಹಾಕಿಸಬೇಕೆಂದರೆ ಅದು ಹಿಡಿದು ನಿಲ್ಲಲು ನೆಲೆಯೇ ಸಾಲದಾಗುತ್ತದೆ.

ಈ ಕೊರತೆ ತುಂಬಲು ದಂತವೈದ್ಯರು ಮೂಳೆ ಕಸಿ ಮಾಡುತ್ತಾರೆ. ರೋಗಿಯ ಗದ್ದದಿಂದಲೋ ಸೊಂಟದಿಂದಲೋ ತೆಗೆದ ಮೂಳೆ ಉತ್ತಮವೆಂದು ಬಹುಕಾಲದಿಂದ ಒಪ್ಪಿಕೊಂಡಿದ್ದರೂ, ಅದಕ್ಕಾಗಿ ದೇಹದಲ್ಲಿ ಎರಡನೆಯ ಗಾಯ ಮಾಡಬೇಕಾಗುತ್ತದೆ. ದಾನಿಗಳ ಮೂಳೆ, ಸಂಸ್ಕರಿಸಿದ ದನದ ಮೂಳೆ, ಪ್ರಯೋಗಾಲಯದಲ್ಲಿ ತಯಾರಾದ ಕ್ಯಾಲ್ಸಿಯಂ ಲವಣಗಳು ಇತರ ದಾರಿಗಳು. ಇಷ್ಟೆಲ್ಲವನ್ನೂ ಹುಡುಕಿ ತರುವಾಗ, ಆಗಷ್ಟೇ ಕಿತ್ತ ಹಲ್ಲನ್ನು ಕಸದ ಬುಟ್ಟಿಗೆ ಹಾಕುವುದು ರೂಢಿಯಾಗಿತ್ತು. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಇಲ್ಲಿ ಅಕ್ಷರಶಃ ನಡೆದಿದೆ.

ಹಲ್ಲಿನ ಬಹುಭಾಗ ಡೆಂಟಿನ್ ಎಂಬ ದ್ರವ್ಯ. ಅದರ ತೂಕದಲ್ಲಿ ಶೇಕಡಾ 70ರಷ್ಟು ಖನಿಜ, 20ರಷ್ಟು ಸಾವಯವ ಅಂಶ, ಉಳಿದದ್ದು ನೀರು. ಮೂಳೆಯ ಲೆಕ್ಕವೂ ಇದಕ್ಕೆ ಬಹಳ ಹತ್ತಿರ. ಎರಡರ ಖನಿಜವೂ ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಲವಣ. ಎರಡರ ಸಾವಯವ ಹಂದರವೂ ಮುಖ್ಯವಾಗಿ ಒಂದನೆಯ ಬಗೆಯ ಕೊಲ್ಯಾಜೆನ್ ಎಂಬ ನಾರಿನಂಥ ಪ್ರೋಟೀನು. ಈ ನಂಟನ್ನು ದಂತವೈದ್ಯರು ಬೇರೊಂದು ಸಂದರ್ಭದಲ್ಲಿ ಕಣ್ಣಾರೆ ಕಾಣುತ್ತಲೇ ಬಂದಿದ್ದಾರೆ: ಪೆಟ್ಟು ತಗುಲಿ ಉದುರಿದ ಹಲ್ಲನ್ನು ಮರಳಿ ಕೂರಿಸಿದಾಗ, ಕೆಲವೊಮ್ಮೆ ಅದರ ಬೇರು ಮೂಳೆಗೆ ಬೆಸೆದುಕೊಂಡು, ವರ್ಷಗಳುರುಳಿದಂತೆ ಬೇರು ಕರಗಿ ಆ ಜಾಗವನ್ನೆಲ್ಲ ಮೂಳೆಯೇ ಆಕ್ರಮಿಸಿಕೊಳ್ಳುತ್ತದೆ. ಹಲ್ಲನ್ನು ಉಳಿಸಲು ಹೊರಟವರಿಗೆ ಅದು ಸೋಲು, ಮೂಳೆ ಬೇಕೆನ್ನುವವರಿಗೆ ಅದೇ ಸುಳಿವು.

ಅಮೆರಿಕದ ಮೂಳೆ ಶಸ್ತ್ರವೈದ್ಯ ಮಾರ್ಷಲ್ ಯೂರಿಸ್ಟ್, ಖನಿಜಾಂಶ ತೆಗೆದ ಮೂಳೆಯನ್ನು ಸ್ನಾಯುವಿನೊಳಗಿಟ್ಟರೂ ಅಲ್ಲಿ ಹೊಸ ಮೂಳೆ ಹುಟ್ಟುತ್ತದೆಂದು 1965ರಲ್ಲಿ ತೋರಿಸಿದರು. ಎರಡೇ ವರ್ಷಗಳಲ್ಲಿ, ಡೆಂಟಿನ್‌ಗೂ ಆ ಗುಣವಿದೆಯೆಂಬುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂತು. ಮೂಳೆ ಬೆಳೆಯಲು ಕೋಶಗಳನ್ನು ಪ್ರೇರೇಪಿಸುವ ಪ್ರೋಟೀನುಗಳು ಅದರೊಳಗೆ ಹುದುಗಿರುವುದೇ ಇದಕ್ಕೆ ಕಾರಣ. ಆದರೂ ಈ ತಿಳಿವಳಿಕೆ ಚಿಕಿತ್ಸೆಯಾಗಿ ರೂಢಿಗೆ ಬರಲು ದಶಕಗಳೇ ಹಿಡಿದವು. ಈ ಶತಮಾನದ ಮೊದಲ ದಶಕದಲ್ಲಿ ಜಪಾನ್ ಮತ್ತು ದಕ್ಷಿಣ ಕೊರಿಯಾದ ವೈದ್ಯರು ಅದನ್ನು ಮುನ್ನಡೆಸಿದರು.

ಕೆಲಸ ನಡೆಯುವ ಬಗೆ ಹೀಗೆ. ಕಿತ್ತ ಹಲ್ಲಿನಿಂದ ಹುಳುಕು, ಕಿಟ್ಟ, ಅಂಟಿಕೊಂಡ ನಾರು, ಹಳೆಯ ಫಿಲ್ಲಿಂಗ್ ಎಲ್ಲವನ್ನೂ ಕೆರೆದು ತೆಗೆದು, ಚೆನ್ನಾಗಿ ಒಣಗಿಸಿ, ಚಿಕ್ಕ ಗ್ರೈಂಡರ್‌ನಲ್ಲಿ ಪುಡಿ ಮಾಡುತ್ತಾರೆ. ಪುಡಿ ಎಂದಾಕ್ಷಣ ಹಿಟ್ಟನ್ನು ನೆನೆಯಬಾರದು; ಬೇಕಾದುದು ಸುಮಾರು 0.3ರಿಂದ 1.2 ಮಿಲಿಮೀಟರ್ ಗಾತ್ರದ ರವೆಯಂಥ ಕಣಗಳು. ಅತಿ ನುಣ್ಣಗಿನದು ಹೊಸ ಮೂಳೆ ಬೆಳೆಯುವ ಮೊದಲೇ ಕರಗಿ ಹೋಗುವುದರಿಂದ ಅದನ್ನು ಜರಡಿ ಹಿಡಿದು ಬೇರ್ಪಡಿಸುತ್ತಾರೆ. ಕಣಗಳನ್ನು ಮದ್ಯಸಾರ ಬೆರೆತ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕೆಲವು ನಿಮಿಷ ನೆನೆಸಿ ಸೂಕ್ಷ್ಮಜೀವಿಗಳನ್ನು ನಿವಾರಿಸಿ, ಲವಣದ ದ್ರಾವಣದಿಂದ ತೊಳೆದು, ಹಲ್ಲಿದ್ದ ಕುಳಿಗೇ ತುಂಬಿ ಮುಚ್ಚುತ್ತಾರೆ. ರೋಗಿ ಕುರ್ಚಿಯಿಂದ ಏಳುವ ಮೊದಲೇ ಇದೆಲ್ಲ ಮುಗಿಯಬಹುದು. ಪುಡಿಯ ಗಾತ್ರ ಮೂಲ ಹಲ್ಲಿಗಿಂತ ಹೆಚ್ಚಾಗುವುದರಿಂದ ಒಂದು ದವಡೆ ಹಲ್ಲು ಒಂದು ಕುಳಿಗೆ ಧಾರಾಳವಾಗಿ ಸಾಲುತ್ತದೆ.

ಇನ್ನೊಂದು ಪಂಥದವರು ಪುಡಿಯನ್ನು ಆಮ್ಲದಲ್ಲಿ ಅಥವಾ ಕ್ಯಾಲ್ಸಿಯಂ ಸೆಳೆದುಕೊಳ್ಳುವ ಇಡಿಟಿಎ ಎಂಬ ರಾಸಾಯನಿಕದ ದ್ರಾವಣದಲ್ಲಿಟ್ಟು ಖನಿಜವನ್ನು ಭಾಗಶಃ ತೆಗೆಯುತ್ತಾರೆ. ಹೀಗೆ ಮಾಡಿದರೆ ಅಡಗಿರುವ ಪ್ರೋಟೀನುಗಳು ಹೊರಗೆ ತೆರೆದುಕೊಂಡು ಮೂಳೆ ಬೇಗ ಹುಟ್ಟುತ್ತದೆಂಬುದು ಅವರ ವಾದ. ಖನಿಜವಿದ್ದರೆ ಕಣಗಳು ನಿಧಾನವಾಗಿ ಕರಗುವುದರಿಂದ ಕುಳಿಯ ಆಕಾರ ಹೆಚ್ಚು ಕಾಲ ಉಳಿಯುತ್ತದೆಂಬುದು ಮೊದಲಿನವರ ಉತ್ತರ. ನನ್ನ ದೃಷ್ಟಿಯಲ್ಲಿ ಇದು ಯಾವುದು ಸರಿ ಎಂಬ ಪ್ರಶ್ನೆಗಿಂತ, ಆ ಜಾಗಕ್ಕೆ ಬೇಕಾದುದು ವೇಗವೋ ಆಕಾರವೋ ಎಂಬ ಪ್ರಶ್ನೆ.

ಪುಡಿಯಾದ ಹಲ್ಲಿನಿಂದ ಮತ್ತೆ ಹಲ್ಲು ಬೆಳೆಯುವುದಿಲ್ಲ. ಬೆಳೆಯುವುದು ಮೂಳೆ ಮಾತ್ರ. ಎಲ್ಲ ಹಲ್ಲೂ ಇದಕ್ಕೆ ಒದಗುವುದಿಲ್ಲ. ಬೇರುನಾಳದ ಚಿಕಿತ್ಸೆಯಾದ ಹಲ್ಲಿನೊಳಗೆ ರಬ್ಬರಿನಂಥ ಅಂಟುದ್ರವ್ಯಗಳು ಉಳಿದಿರುವುದರಿಂದ ಅನೇಕ ವೈದ್ಯರು ಅದನ್ನು ಬಳಸುವುದಿಲ್ಲ. ಹುಳುಕಿನಿಂದ ಟೊಳ್ಳಾದ ಹಲ್ಲಿನಲ್ಲಿ ಕೆರೆದ ಮೇಲೆ ಉಳಿಯುವುದೇ ಅಲ್ಪ. ಅಡ್ಡಲಾಗಿ ಹುದುಗಿಕೊಂಡು ಕಾಟ ಕೊಡುವ ಬುದ್ಧಿಹಲ್ಲು ಮಾತ್ರ ಬಹುಮಟ್ಟಿಗೆ ಗಟ್ಟಿಯಾಗಿಯೇ ಕೈಗೆ ಸಿಗುತ್ತದೆ. ಕಸಿಯ ನಂತರ ಸಾಮಾನ್ಯವಾಗಿ 4ರಿಂದ 6 ತಿಂಗಳು ಕಾದು, ಎಕ್ಸ್‌ರೇಯಲ್ಲಿ ಮೂಳೆ ತುಂಬಿದೆಯೇ ಎಂದು ನೋಡಿ ಇಂಪ್ಲಾಂಟ್ ಕೂರಿಸುತ್ತಾರೆ. ಧೂಮಪಾನ ಮತ್ತು ಹತೋಟಿಯಲ್ಲಿಲ್ಲದ ಮಧುಮೇಹ ಈ ಕಸಿಯನ್ನೂ ಬೇರೆ ಕಸಿಗಳಂತೆಯೇ ಕೆಡಿಸಬಲ್ಲವು.

ಕಿತ್ತ ಹಲ್ಲು ಬುಟ್ಟಿಗೆ ಬಿದ್ದ ಮೇಲೆ ಈ ದಾರಿ ಮುಚ್ಚಿತೆಂದೇ ಅರ್ಥ. ಆದ್ದರಿಂದ ಮುಂದೆ ಇಂಪ್ಲಾಂಟ್ ಬೇಕಾಗಬಹುದೆನ್ನುವವರು, ತಮ್ಮ ಹಲ್ಲು ಇದಕ್ಕೆ ಒದಗುತ್ತದೆಯೇ ಎಂದು ವೈದ್ಯರನ್ನು ಕೇಳಬೇಕಾದದ್ದು ಮರಗಟ್ಟಿಸುವ ಚುಚ್ಚುಮದ್ದಿಗೆ ಬಾಯಿ ತೆರೆಯುವ ಮೊದಲು.

ನಮಸ್ಕಾರ.