ಖಾನೇಷುಮಾರಿಯವರು ಬಂದಾಗ

ಎಲ್ಲರಿಗೂ ನಮಸ್ಕಾರ.

ನಮ್ಮಜ್ಜಿ ಜನಗಣತಿ ಅನ್ನುತ್ತಿರಲಿಲ್ಲ, ಖಾನೇಷುಮಾರಿ ಅನ್ನುತ್ತಿದ್ದರು. "ಖಾನೇಷುಮಾರಿ ಮೇಷ್ಟ್ರು ಬಂದಿದ್ದಾರೆ, ಚಾಪೆ ಹಾಕು" ಅಂತ ಒಳಗೆ ಕೂಗುತ್ತಿದ್ದರು. ಮುಂದೆ ನಾನೂ ಸರ್ಕಾರಿ ಶಾಲೆಯ ಟೀಚರ್ ಆದೆ. 2001ರಲ್ಲಿ ಒಂದು ಸಲ, 2011ರಲ್ಲಿ ಇನ್ನೊಂದು ಸಲ ಅದೇ ಕೆಲಸಕ್ಕೆ ಮನೆಮನೆ ಸುತ್ತಿದೆ. ಎರಡು ಸಲವೂ ಮಾಗಡಿ ರಸ್ತೆಯ ಹಿಂಭಾಗದ ಗಲ್ಲಿಗಳೇ ನನ್ನ ಪಾಲಿಗೆ ಬಂದವು. ವಠಾರದ ಮನೆಗಳು ಜಾಸ್ತಿ. ಒಂದೇ ಬಾಗಿಲಿನ ಹಿಂದೆ ಐದಾರು ಒಲೆ. ಈಗ ಮತ್ತೆ ಗಣತಿ ಬರುತ್ತಿದೆ. ನಾನು ನಿವೃತ್ತಳಾಗಿದ್ದೇನೆ, ಈ ಸಲ ಬಾಗಿಲ ಒಳಗಡೆ ನಿಲ್ಲುವ ಸರದಿ ನನ್ನದು. ಅದಕ್ಕೇ ಬಾಗಿಲ ಆಚೆ ನಿಂತು ಕಂಡದ್ದನ್ನು ನಿಮ್ಮ ಮುಂದೆ ಇಡೋಣ ಅಂತ ಒಪ್ಪಿಕೊಂಡು ಬಂದೆ.

ಮೊದಲು ಕಾನೂನಿನ ಮಾತು. 1948ರ ಜನಗಣತಿ ಕಾಯ್ದೆಯ ಪ್ರಕಾರ ಗಣತಿದಾರರು ಕೇಳಿದ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಬೇಕೆಂದೇ ಸುಳ್ಳು ಹೇಳಿದರೆ, ಉತ್ತರ ಕೊಡದೆ ಇದ್ದರೆ ಸಾವಿರ ರೂಪಾಯಿವರೆಗೆ ದಂಡ ಹಾಕಬಹುದು. ಇಷ್ಟು ಕೇಳಿದ ತಕ್ಷಣ ಕೆಲವರಿಗೆ ಸಿಟ್ಟು ಬರುತ್ತದೆ. "ನಮ್ಮ ಮನೆ ವಿಷಯ ನಿಮಗೆ ಯಾಕೆ?" ಅಂತ ನನ್ನನ್ನೇ ಕೇಳಿದವರಿದ್ದಾರೆ. ಆದರೆ ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ. ನಿಮಗೆ ತಿಳಿದ ಮಟ್ಟಿಗೆ, ನೀವು ನಂಬಿರುವ ಮಟ್ಟಿಗೆ ಉತ್ತರ ಕೊಟ್ಟರೆ ಸಾಕು. ಆಧಾರ್ ತೋರಿಸಿ, ಜನ್ಮಪತ್ರ ತನ್ನಿ ಅಂತ ಗಣತಿದಾರರು ಕೇಳುವಂತಿಲ್ಲ. ನೀವು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಬೇಕು. ರೇಷನ್ ಕಾರ್ಡಿಗೆ ಹೋದರೂ ಬ್ಯಾಂಕಿಗೆ ಹೋದರೂ ನಮ್ಮ ಬಾಯಿ ಮಾತಿಗೆ ಬೆಲೆ ಇಲ್ಲ, ಕಾಗದಕ್ಕೆ ಬೆಲೆ. ಗಣತಿಯಲ್ಲಿ ಮಾತ್ರ ಬಾಯಿ ಮಾತೇ ದಾಖಲೆ.

ಒಂದು ಸಣ್ಣ ವಿಷಯ ಹೇಳಿ ಮುಂದೆ ಹೋಗುತ್ತೇನೆ. ಗಂಡನ ಹೆಸರು ಹೇಳಬಾರದು ಅನ್ನುವ ಪದ್ಧತಿ ಇರುವ ಹೆಂಗಸನ್ನು ಆ ಹೆಸರು ಹೇಳು ಅಂತ ಬಲವಂತ ಮಾಡುವಂತಿಲ್ಲ ಅಂತ ಆ ಕಾಯ್ದೆಯಲ್ಲೇ ಬರೆದಿದ್ದಾರೆ. 2001ರಲ್ಲಿ ಒಬ್ಬ ಅಜ್ಜಿ ತಲೆ ಮೇಲಿನ ಸೆರಗು ಎಳೆದುಕೊಂಡು ಗೋಡೆಯ ಮೇಲಿದ್ದ ತಿಮ್ಮಪ್ಪನ ಫೋಟೊ ಕಡೆ ಬೆರಳು ತೋರಿಸಿದರು. ನಾನು "ವೆಂಕಟೇಶ?" ಅಂದೆ. ತಲೆ ಅಲ್ಲಾಡಿಸಿದರು. "ಶ್ರೀನಿವಾಸ?" ಅಂದೆ. ನಕ್ಕರು. ಬರೆದುಕೊಂಡೆ. ಹೀಗೆ ಮನೆಯವರ ಸಂಕೋಚಕ್ಕೂ ಜಾಗ ಇಟ್ಟುಕೊಂಡೇ ಈ ಕಾನೂನು ಕಡ್ಡಾಯ ಅನ್ನುತ್ತದೆ.

ಬೆಂಗಳೂರಿನಲ್ಲಿ ಈಗ ಒಂದು ಗೊಂದಲ ಇದೆ. 2025ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ನಡೆಯಿತು. ಅದರಲ್ಲಿ ಭಾಗವಹಿಸುವುದು ಜನರ ಇಷ್ಟಕ್ಕೆ ಬಿಟ್ಟದ್ದು ಅಂತ ಹೈಕೋರ್ಟ್ ಹೇಳಿತು. ಹಾಗಾಗಿ ಗಣತಿಯೂ ಇಷ್ಟ ಇದ್ದರೆ ಮಾತ್ರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಅದು ರಾಜ್ಯದ ಸಮೀಕ್ಷೆ, ಇದು ದೇಶದ ಜನಗಣತಿ. ಎರಡರ ಕಾನೂನೂ ಬೇರೆ.

ಕಡ್ಡಾಯ ಯಾಕೆ ಬೇಕು ಅನ್ನುವುದಕ್ಕೆ ಕೆನಡಾದಲ್ಲಿ ನಡೆದದ್ದನ್ನು ನೋಡಿ. ಅಲ್ಲಿ ಗಣತಿಯ ಚಿಕ್ಕ ಫಾರಂ ಎಲ್ಲರಿಗೂ ಬರುತ್ತಿತ್ತು, ದೊಡ್ಡ ಫಾರಂ ಕೆಲವು ಮನೆಗಳಿಗೆ. ಎರಡೂ ಕಡ್ಡಾಯವಾಗಿದ್ದವು. 2010ರಲ್ಲಿ ಅಲ್ಲಿನ ಸರ್ಕಾರ ದೊಡ್ಡ ಫಾರಂ ತೆಗೆದುಹಾಕಿ, ಇಷ್ಟ ಇದ್ದವರು ಮಾತ್ರ ತುಂಬುವ ಸಮೀಕ್ಷೆ ಮಾಡುತ್ತೇವೆ ಅಂತ ತೀರ್ಮಾನಿಸಿತು. ಅಲ್ಲಿನ ಮುಖ್ಯ ಅಂಕಿಅಂಶ ಅಧಿಕಾರಿ ಮುನೀರ್ ಶೇಖ್ ಆ ವಿಷಯಕ್ಕೇ ರಾಜೀನಾಮೆ ಕೊಟ್ಟರು. ಕಡ್ಡಾಯ ಗಣತಿಯ ಜಾಗದಲ್ಲಿ ಇಷ್ಟದ ಸಮೀಕ್ಷೆ ನಿಲ್ಲಲಾರದು ಅನ್ನುವುದು ಅವರ ನಿಲುವು. ಅವರು ಹೇಳಿದ ಹಾಗೇ ಆಯಿತು. 2006ರಲ್ಲಿ ನೂರಕ್ಕೆ ಸುಮಾರು 94 ಮನೆಯವರು ಉತ್ತರ ಕೊಟ್ಟಿದ್ದರೆ, 2011ರಲ್ಲಿ ಅದು 69ಕ್ಕಿಂತ ಕೆಳಗೆ ಇಳಿಯಿತು. ಸಾವಿರಕ್ಕೂ ಹೆಚ್ಚು ಸಣ್ಣ ಊರುಗಳ ಮಾಹಿತಿ ನಂಬುವ ಹಾಗಿಲ್ಲ ಅಂತ ಪ್ರಕಟಿಸಲೇ ಇಲ್ಲ. ಮೊದಲಿಗಿಂತ ಜಾಸ್ತಿ ಮನೆಗಳಿಗೆ ಫಾರಂ ಕಳಿಸಿದ್ದರೂ ಹೀಗಾಯಿತು. ಯಾಕೆಂದರೆ ಬಿಟ್ಟುಹೋಗುವವರು ಅಲ್ಲೊಬ್ಬರು ಇಲ್ಲೊಬ್ಬರು ಅಂತ ಚದುರಿ ಬಿಟ್ಟುಹೋಗುವುದಿಲ್ಲ. ಬಡವರು, ಹೊಸದಾಗಿ ಬಂದವರು, ಪುರಸೊತ್ತಿಲ್ಲದವರು ಗುಂಪಾಗಿ ಬಿಟ್ಟುಹೋಗುತ್ತಾರೆ. ಆಮೇಲೆ ಲೆಕ್ಕ ನೋಡಿದರೆ ಊರಲ್ಲಿ ಅವರು ಇಲ್ಲವೇ ಇಲ್ಲ. 2016ರಲ್ಲಿ ದೊಡ್ಡ ಫಾರಂ ಮತ್ತೆ ಕಡ್ಡಾಯ ಆಯಿತು. ಜನ ಮೊದಲ ದಿನವೇ ಎಷ್ಟು ಮುಗಿಬಿದ್ದರು ಅಂದರೆ ಗಣತಿಯ ವೆಬ್‌ಸೈಟ್ ಸ್ವಲ್ಪ ಹೊತ್ತು ನಿಂತೇ ಹೋಯಿತು.

ಆದರೆ ಕಾನೂನು ಬಾಯಿ ತೆರೆಸಬಹುದು, ನಿಜ ಹೇಳಿಸಲು ಆಗುವುದಿಲ್ಲ. ನಿಜ ಬರುವುದು ಬಾಗಿಲಲ್ಲಿ ನಿಂತ ಇಬ್ಬರ ನಡುವೆ. ಅದನ್ನು ಒಂದು ಮನೆಯಲ್ಲಿ ಚೆನ್ನಾಗಿ ಕಂಡೆ.

2011ರ ಫೆಬ್ರವರಿ. ವಠಾರದ ಕೊನೆಯ ಮನೆ. ಯಜಮಾನರು ಹೊಸಿಲ ಮೇಲೆ ಕೂತು ಉತ್ತರ ಹೇಳುತ್ತಿದ್ದರು. ವಯಸ್ಸು ಕೇಳಿದೆ. "ನಂದು ಐವತ್ತು, ಅವಳದು ನಲವತ್ತು ಅಂತ ಹಾಕ್ಕೊಳಿ ಮೇಡಂ." ಎಲ್ಲ ಮನೆಯಲ್ಲೂ ಹೀಗೇ. ಸೊನ್ನೆ ಇಲ್ಲವೇ ಐದರಲ್ಲಿ ಮುಗಿಯುವ ವಯಸ್ಸು. ದೇಶದ ಲೆಕ್ಕದಲ್ಲೂ 30, 40, 50ರ ಹತ್ತಿರ ಜನ ರಾಶಿ ಬಿದ್ದ ಹಾಗೆ ಕಾಣುತ್ತದೆ. ಇದು ಸುಳ್ಳಲ್ಲ, ಮರೆವು. ಹಾಗಾಗಿ ನಾವು ಸುತ್ತಿ ಬಳಸಿ ಕೇಳುತ್ತಿದ್ದೆವು. ಇಂದಿರಾ ಗಾಂಧಿ ತೀರಿಕೊಂಡಾಗ ನೀವು ಎಷ್ಟು ದೊಡ್ಡವರು? ದೊಡ್ಡ ಮಗ ಆಗ ಹುಟ್ಟಿದ್ದನಾ? ಹಾಗೆ ಕೇಳಿ ಅವರ ವಯಸ್ಸು ಐವತ್ಮೂರಕ್ಕೆ ಬಂತು.

ಮುಂದೆ ಕೆಲಸದ ಪ್ರಶ್ನೆ. "ನಾನು ಗಾರೆ ಕೆಲಸ. ಅವಳಿಗೆ ಏನೂ ಕೆಲಸ ಇಲ್ಲ, ಮನೇಲೇ ಇರ್ತಾಳೆ." ನಾನು ಒಳಗೆ ನೋಡಿದೆ. ಆಕೆ ಮಣೆ ಮುಂದೆ ಕೂತಿದ್ದರು. ಎಡಗಡೆ ಬಿದಿರು ಕಡ್ಡಿಯ ಕಟ್ಟು, ಬಲಗಡೆ ಕಪ್ಪು ಹಿಟ್ಟಿನ ಉಂಡೆ. ನಾವು ಮಾತಾಡುತ್ತಿದ್ದಷ್ಟು ಹೊತ್ತೂ ಅವರ ಕೈ ನಿಂತಿರಲಿಲ್ಲ. ಕಡ್ಡಿ ಇಟ್ಟು, ಹಿಟ್ಟು ಒತ್ತಿ, ಒಂದೇ ಸಲ ಹೊಸೆದು ಪಕ್ಕಕ್ಕೆ ಹಾಕುವುದು. ಇದ್ದಿಲ ಪುಡಿ ಅಂಗೈ ಗೆರೆಗಳಲ್ಲಿ ಕೂತುಬಿಟ್ಟಿತ್ತು. ನಾನು ಅವರನ್ನೇ ಕೇಳಿದೆ: "ಅಕ್ಕಾ, ದಿನಕ್ಕೆ ಎಷ್ಟು ಹೊಸೀತೀರ?" ಅವರು ತಲೆ ಎತ್ತದೆ, "ಮೂರು ಸಾವಿರ ಆಗತ್ತೆ. ಮಕ್ಕಳಿಗೆ ಹುಷಾರಿಲ್ಲ ಅಂದ್ರೆ ಎರಡು" ಅಂದರು. ದುಡ್ಡು ಕೊಡ್ತಾರಾ? "ಶನಿವಾರ ಕೊಡ್ತಾರೆ." ಯಜಮಾನರು ಅದನ್ನು ಮೊದಲ ಸಲ ಕೇಳಿದವರ ಹಾಗೆ ಹೆಂಡತಿಯ ಕಡೆ ತಿರುಗಿ ನೋಡಿದರು. ಅವರು ಸುಳ್ಳು ಹೇಳಿರಲಿಲ್ಲ. ಅದು ಕೆಲಸ ಅಂತ ಅವರಿಗೆ ಯಾವತ್ತೂ ಅನ್ನಿಸಿರಲಿಲ್ಲ, ಅಷ್ಟೇ. ನಾನು ಆಕೆಯನ್ನು ಕೆಲಸ ಮಾಡುವವರ ಸಾಲಿನಲ್ಲಿ ಬರೆದೆ. ಊದುಬತ್ತಿ ಹೊಸೆಯುವ, ಬಟ್ಟೆಗೆ ಗುಂಡಿ ಹೊಲಿಯುವ, ಹೂ ಕಟ್ಟುವ ಎಷ್ಟು ಹೆಂಗಸರು ಈ ಊರಲ್ಲಿ ಇದ್ದಾರೆ! "ಏನೂ ಕೆಲಸ ಇಲ್ಲ" ಅನ್ನುವ ಒಂದು ಮಾತಿಗೆ ಅವರೆಲ್ಲ ಲೆಕ್ಕದಿಂದ ಆಚೆ ಹೋಗುತ್ತಾರೆ.

ಮನೆಯವರು ಒಬ್ಬೊಬ್ಬರೇ ಹೇಳಿಕೊಳ್ಳದ ಸತ್ಯವೂ ಎಲ್ಲರ ಉತ್ತರ ಸೇರಿದಾಗ ಹೊರಗೆ ಬರುತ್ತದೆ. ಆರು ವರ್ಷದೊಳಗಿನ ಮಕ್ಕಳನ್ನೇ ತೆಗೆದುಕೊಳ್ಳಿ. ಸಾವಿರ ಗಂಡು ಮಕ್ಕಳಿಗೆ 1991ರಲ್ಲಿ 945 ಹೆಣ್ಣು ಮಕ್ಕಳಿದ್ದರು. 2001ರಲ್ಲಿ 927. 2011ರಲ್ಲಿ 919. ಪಂಜಾಬಿನಲ್ಲಿ 2001ರಲ್ಲಿ 798 ಮಾತ್ರ. ಹೊಟ್ಟೆಯಲ್ಲಿರುವುದು ಹೆಣ್ಣು ಅಂತ ತಿಳಿದು ತೆಗೆಸಿದೆವು ಅಂತ ಯಾವ ಮನೆಯಲ್ಲೂ ಯಾರೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಎಷ್ಟು ಮಕ್ಕಳು, ಗಂಡೆಷ್ಟು, ಹೆಣ್ಣೆಷ್ಟು ಅಂತ ಕೇಳಿದ್ದಕ್ಕೆ ನಿಜ ಹೇಳಿದರು. ಅಷ್ಟರಿಂದಲೇ ಗೊತ್ತಾಯಿತು.

ಮಾತೃಭಾಷೆಯ ಪ್ರಶ್ನೆ ಬಂದಾಗ ನನಗೇ ಒಂದು ಪರೀಕ್ಷೆ ಆಯಿತು. ಒಬ್ಬ ತಾಯಿ ಮನೆಯಲ್ಲಿ ಮಕ್ಕಳ ಜೊತೆ ತೆಲುಗು ಆಡುತ್ತಿದ್ದರು, ನನ್ನ ಹತ್ತಿರ ಮಾತ್ರ, "ಕನ್ನಡ ಅಂತಲೇ ಹಾಕ್ಬಿಡಿ ಟೀಚರ್, ಇರೋದು ಇಲ್ಲೇ ಅಲ್ವಾ" ಅಂದರು. ನಾನು ಕನ್ನಡ ಪಾಠ ಮಾಡಿ ಬದುಕಿದವಳು. ಕನ್ನಡದ ಲೆಕ್ಕಕ್ಕೆ ಒಬ್ಬರು ಸೇರಿದರೆ ನನಗಿಂತ ಖುಷಿ ಪಡುವವರು ಯಾರು? ಆದರೂ ಹೇಳಿದೆ: "ಅಮ್ಮಾ, ನಿಮ್ಮ ತಾಯಿ ನಿಮ್ಮ ಹತ್ತಿರ ಯಾವುದರಲ್ಲಿ ಮಾತಾಡುತ್ತಿದ್ದರೋ ಅದನ್ನು ಹೇಳಿ. ಕನ್ನಡಕ್ಕೆ ಬೇರೆ ಜಾಗ ಇದೆ, ನಿಮಗೆ ಬರುವ ಇನ್ನೊಂದು ಭಾಷೆ ಅಂತ." ತೆಲುಗು ಅಂದರು, ಎರಡನೆಯದು ಕನ್ನಡ. ಎರಡೂ ನಿಜ. 2011ರಲ್ಲಿ ದೇಶದ ಜನ ತಮ್ಮ ಮಾತೃಭಾಷೆಗೆ ಹೇಳಿದ ಹೆಸರುಗಳು 19,569. ಅದನ್ನೆಲ್ಲ ಪರಿಶೀಲಿಸಿ, ಸೇರಿಸಿ, ಕೊನೆಗೆ 1,369 ಮಾತೃಭಾಷೆ ಅಂತ ಮಾಡಿದರು. ತುಳು 18 ಲಕ್ಷ ಜನರ ಮನೆಮಾತು ಅಂತ ನಾವು ಹೇಳುವುದೂ ಆ ಗಣತಿಯ ಬಲದಿಂದಲೇ.

ಭಯದ ವಿಷಯ ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ. ಎರಡನೇ ಮಹಾಯುದ್ಧದ ಹೊತ್ತಲ್ಲಿ ಅಮೆರಿಕದಲ್ಲಿ ಜಪಾನಿ ಮೂಲದ ಜನರನ್ನು ಶಿಬಿರಗಳಿಗೆ ಸಾಗಿಸಿದರು. ಅವರು ಯಾವ ಯಾವ ಬೀದಿಯಲ್ಲಿ ಜಾಸ್ತಿ ಇದ್ದಾರೆ ಅಂತ ತಿಳಿಯಲು 1940ರ ಗಣತಿಯ ಲೆಕ್ಕ ಬಳಸಿಕೊಂಡರು. ಎಷ್ಟೋ ವರ್ಷದ ಮೇಲೆ, 2000ದಲ್ಲಿ, ಅಲ್ಲಿನ ಗಣತಿ ಇಲಾಖೆ ಕ್ಷಮೆ ಕೇಳಿತು. ನಂಬಿ ಹೇಳಿದವರಿಗೆ ಹೀಗೆ ಮಾಡಿದರೆ ಮುಂದೆ ಯಾರು ನಿಜ ಹೇಳುತ್ತಾರೆ? ನಮ್ಮ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಗಣತಿಯ ದಾಖಲೆಯನ್ನು ನೋಡುವ ಹಕ್ಕು ಯಾರಿಗೂ ಇಲ್ಲ, ಬೇರೆ ಕೇಸುಗಳಲ್ಲಿ ಕೋರ್ಟಿಗೆ ಸಾಕ್ಷಿಯಾಗಿ ತರುವಂತಿಲ್ಲ. ಈ ಸಲ ಮೊಬೈಲ್ ಆ್ಯಪ್‌ನಲ್ಲಿ ಬರೆದುಕೊಳ್ಳುತ್ತಾರೆ, ಜಾತಿಯನ್ನೂ ಕೇಳುತ್ತಾರೆ. ಹಾಗಾಗಿ ಈ ಸೆಕ್ಷನ್ ಅನ್ನು ಸರ್ಕಾರ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಬೇಕು. ನಾವು ಸತ್ಯ ಕೊಟ್ಟರೆ ಅವರು ಗುಟ್ಟು ಕಾಯಬೇಕು. ಇದನ್ನು ಕೇಳುವ ಹಕ್ಕು ನಮಗಿದೆ.

ಇನ್ನು ನಮ್ಮ ಊರಿನ ಸ್ಥಿತಿ. ಬೆಂಗಳೂರು ನಗರ ಜಿಲ್ಲೆಯಲ್ಲಿ 2001ರಲ್ಲಿ 65 ಲಕ್ಷ ಜನ ಇದ್ದರು, 2011ರಲ್ಲಿ 96 ಲಕ್ಷ. ಆಮೇಲೆ ಎಣಿಸಿಯೇ ಇಲ್ಲ. 2021ರ ಗಣತಿ ಕೋವಿಡ್ ಕಾರಣಕ್ಕೆ ಮುಂದೆ ಹೋಯಿತು. 2025ರಲ್ಲಿ ನಗರಕ್ಕೆ ಐದು ಪಾಲಿಕೆ ಆದವು, ಅವುಗಳ ವಾರ್ಡ್ ಗಡಿ ಎಳೆದದ್ದು 2011ರ ತಲೆಲೆಕ್ಕ ಇಟ್ಟುಕೊಂಡು. ಆಗ ಹೊಲವಾಗಿದ್ದ ಕಡೆ ಈಗ ಹದಿನೈದು ಮಹಡಿ ಎದ್ದಿದೆ. ಆಹಾರ ಭದ್ರತೆ ಕಾಯ್ದೆಯಲ್ಲಿ ಎಷ್ಟು ಜನರಿಗೆ ರೇಷನ್ ಅನ್ನುವುದಕ್ಕೂ ಆ ಹಳೇ ಲೆಕ್ಕವೇ ಆಧಾರ. ಅದರ ಮೇಲೆ, 2011ರ ಗಣತಿ ಮುಗಿದ ಮೇಲೆ ಇಲಾಖೆಯವರೇ ಪರೀಕ್ಷೆ ಮಾಡಿ ನೋಡಿದಾಗ ಸಾವಿರಕ್ಕೆ 23 ಜನ ಬಿಟ್ಟುಹೋಗಿದ್ದರು ಅಂತ ಗೊತ್ತಾಯಿತು.

ಯಾರು ಬಿಟ್ಟುಹೋಗುತ್ತಾರೆ ಅಂತ ನನಗೆ ಗೊತ್ತು. ಕಟ್ಟಡ ಕೆಲಸದ ಶೆಡ್ಡಿನವರು, ಪಿಜಿಯ ಹುಡುಗರು, ಮೂರನೇ ಮಹಡಿಯ ಮೇಲಿನ ಶೀಟ್ ರೂಮಿನವರು. ದೊಡ್ಡ ಅಪಾರ್ಟ್‌ಮೆಂಟಿನವರು ಬೇರೆ ರೀತಿ ಬಿಟ್ಟುಹೋಗುತ್ತಾರೆ. ಗಣತಿದಾರರು ಗೇಟು ದಾಟುವುದೇ ಕಷ್ಟ. ನಿಮ್ಮಲ್ಲಿ ಅಸೋಸಿಯೇಷನ್‌ನವರು ಇದ್ದರೆ ದಯವಿಟ್ಟು ಸೆಕ್ಯೂರಿಟಿಯವರಿಗೆ ಮೊದಲೇ ಹೇಳಿಡಿ. ಬಿಸಿಲಲ್ಲಿ ನಿಂತ ಟೀಚರಿಗೆ ಒಂದು ಕುರ್ಚಿ, ಒಂದು ಲೋಟ ನೀರು ಕೊಡಿ. ಮನೆಕೆಲಸಕ್ಕೆ ನಿಮ್ಮಲ್ಲೇ ಉಳಿದಿರುವ ಹುಡುಗಿಯ ಹೆಸರನ್ನೂ ಬರೆಸಿ.

ಕೊನೆಯದಾಗಿ ಒಂದು ಘಟನೆ. ಗಣತಿಗೆ ಒಂದು ಗಳಿಗೆ ಇರುತ್ತದೆ, ಆ ಗಳಿಗೆಯಲ್ಲಿ ಜೀವಂತ ಇದ್ದವರು ಮಾತ್ರ ಲೆಕ್ಕಕ್ಕೆ ಬರುತ್ತಾರೆ. 2011ರಲ್ಲಿ ಅದು ಮಾರ್ಚ್ 1ರ ದಿನ ಶುರುವಾಗುವ ನಡುರಾತ್ರಿ 12 ಗಂಟೆ. ಈ ಸಲವೂ 2027ರ ಮಾರ್ಚ್ 1ಕ್ಕೆ ಅದೇ ಗಳಿಗೆ. ಫೆಬ್ರವರಿ 28ರ ರಾತ್ರಿ ಮನೆಯಿಲ್ಲದವರನ್ನು ಎಣಿಸುತ್ತಾರೆ. ಆಮೇಲೆ ಮಾರ್ಚ್ ಮೊದಲ ವಾರ ಎಲ್ಲ ಮನೆಗೂ ಇನ್ನೊಮ್ಮೆ ಹೋಗಿ, ನಡುವೆ ಹುಟ್ಟಿದವರು, ತೀರಿಕೊಂಡವರು ಯಾರಾದರೂ ಇದ್ದಾರಾ ಅಂತ ಕೇಳಬೇಕು. 2011ರಲ್ಲಿ ಹಾಗೆ ಹೋದಾಗ ಒಂದು ಮನೆಯ ಅಜ್ಜಿ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡರು. ಮೊಮ್ಮಗಳು ಹುಟ್ಟಿದ್ದಳು, ಮಾರ್ಚ್ 1ರ ಬೆಳಗಿನ ಜಾವ ಮೂರು ಗಂಟೆಗೆ. "ಮೂರು ಗಂಟೆ ಏನು ಮಹಾ, ಬರ್ಕೊಳಮ್ಮ" ಅಂದರು. ಆಗಲ್ಲ ಅಂದೆ. ಫಾರಂ ತೆರೆದು, ಹನ್ನೆರಡು ಗಂಟೆ ಲೆಕ್ಕ ಏನು ಅಂತ ಬಿಡಿಸಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹನ್ನೊಂದು ಗಂಟೆಗೆ ಹುಟ್ಟಿದ್ಲು ಅಂತ ನಾನು ಹೇಳಿದ್ರೆ ನಿಂಗೆ ಗೊತ್ತೇ ಆಗ್ತಿರ್ಲಿಲ್ಲ ಅಲ್ವಾ?" ಅಂತ ಕೇಳಿದರು. ಇಲ್ಲ, ಗೊತ್ತಾಗುತ್ತಿರಲಿಲ್ಲ ಅಂದೆ. "ಸರಿ ಬಿಡು, ಮುಂದಿನ ಸಲ ಅವಳೇ ಹೇಳ್ತಾಳೆ" ಅಂತ ಒಳಗೆ ಹೋಗಿ ಸಕ್ಕರೆ ತಂದು ನನ್ನ ಕೈಗೆ ಹಾಕಿದರು.

ಆ ಮಗುವಿಗೆ ಈ ಸಲ ಹದಿನಾರು ತುಂಬುತ್ತದೆ. ಇನ್ನೂ ಯಾವ ಗಣತಿಯಲ್ಲೂ ಅವಳ ಹೆಸರಿಲ್ಲ.